ಬೆಕ್ಕಿನ ಮರಿಗೆ ಹಸುವಿನ ಹಾಲು ಸಾಲದು



ಈ ಪುಟಗಳಲ್ಲಿ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹಸಿರು ಮೇವು, ಕರುಗಳ ಪಾಲನೆ ಮುಂತಾದ ವಿಷಯಗಳನ್ನು ನೀವು ಓದುತ್ತಾ ಬಂದಿದ್ದೀರಿ. ಈ ಸಲ ಬೆಕ್ಕಿನ ಬಗ್ಗೆ ಬರೆಯುತ್ತಿದ್ದೇನೆ. ಡೇರಿಗೂ ಬೆಕ್ಕಿಗೂ ಏನು ಸಂಬಂಧ ಎಂದು ಕೆಲವರು ನಗಬಹುದು. ಆದರೆ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಕೊಟ್ಟಿಗೆಯ ಬಾಗಿಲಿಗೆ ಬಂದು ಕೂರುವ ಬೆಕ್ಕು ಇಲ್ಲದ ಮನೆ ನಮ್ಮ ಸದಸ್ಯರಲ್ಲಿ ಎಷ್ಟಿದ್ದೀತು? ಹಿಂಡಿಯ ಚೀಲ, ಪಶು ಆಹಾರದ ಮೂಟೆ, ಜೋಳದ ನುಚ್ಚು ಇರುವಲ್ಲಿ ಇಲಿ ಇದ್ದೇ ಇರುತ್ತದೆ. ಇಲಿ ತಿನ್ನುವುದು ಸ್ವಲ್ಪ, ಉಚ್ಚೆ ಹಿಕ್ಕೆಗಳಿಂದ ಕೆಡಿಸುವುದು ಹೆಚ್ಚು. ರಾಸುಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುವ, ಮನುಷ್ಯರಿಗೂ ತಗಲುವ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಇಲಿಯ ಮೂತ್ರದಿಂದಲೂ ಹರಡುತ್ತದೆ. ಈ ಇಲಿಗಳ ಮೇಲೆ ಸಂಬಳವಿಲ್ಲದೆ ರಾತ್ರಿ ಪಾಳಿ ಮಾಡುವ ನೌಕರ ಬೆಕ್ಕು.

ರಾಸುಗಳ ಚಿಕಿತ್ಸೆಗೆಂದು ಹೋದ ಮನೆಗಳಲ್ಲಿ ಕೆಲಸ ಮುಗಿಸಿ ಕೈತೊಳೆಯುವಾಗ ಈ ಮಾತು ಬರುತ್ತದೆ: "ಡಾಕ್ಟ್ರೇ, ಅಟ್ಟದ ಮೇಲೆ ಬೆಕ್ಕು ಮರಿ ಹಾಕಿತ್ತು. ತಾಯಿ ಕಾಣ್ತಿಲ್ಲ. ಕಣ್ಣೂ ಬಿಟ್ಟಿಲ್ಲ. ಹಾಲು ಕುಡಿಸಿದ್ವಿ, ಆದರೂ ಒಂದೊಂದೇ ಸಾಯ್ತಾ ಇವೆ." ಮನೆಯ ಹೆಣ್ಣುಮಕ್ಕಳು ಇದನ್ನು ಸಂಕೋಚದಿಂದಲೇ ಹೇಳುತ್ತಾರೆ, ಹಸುವಿನ ಡಾಕ್ಟರ ಹತ್ತಿರ ಬೆಕ್ಕಿನ ಮಾತು ಆಡಬಹುದೋ ಇಲ್ಲವೋ ಎಂದು. ಧಾರಾಳವಾಗಿ ಕೇಳಬಹುದು. ದುಃಖದ ಸಂಗತಿಯೆಂದರೆ, ಹೀಗೆ ಸಾಯುವ ಮರಿಗಳಲ್ಲಿ ಎಷ್ಟೋ ಮರಿಗಳು ಹಾಲಿಲ್ಲದೆ ಸಾಯುವುದಿಲ್ಲ. ತಣ್ಣಗಾದ ಮೈಗೆ, ತಪ್ಪು ಹಾಲನ್ನು, ತಪ್ಪು ರೀತಿಯಲ್ಲಿ ಕುಡಿಸಿದ್ದರಿಂದ ಸಾಯುತ್ತವೆ. ನಿತ್ರಾಣಗೊಂಡ ಕರುವನ್ನು ಬದುಕಿಸಬಲ್ಲ ನಿಮ್ಮ ಕೈಗೆ ಈ ಮರಿಗಳನ್ನು ಉಳಿಸುವುದು ದೊಡ್ಡ ಕೆಲಸವಲ್ಲ. ಜೊತೆಗೆ ತಾಯಿಗೆ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಬೇಕು. ಅದಿಲ್ಲದಿದ್ದರೆ ಈ ನಾಲ್ಕು ಮರಿ ಉಳಿಸುವಷ್ಟರಲ್ಲಿ ಮುಂದಿನ ನಾಲ್ಕು ಅಟ್ಟದ ಮೇಲಿರುತ್ತವೆ.

ತಾಯಿ ನಿಜವಾಗಿ ಹೋಗಿದೆಯೇ?

ಮರಿಗಳು ಒಂಟಿಯಾಗಿ ಕಂಡ ಕೂಡಲೇ ಎತ್ತಿಕೊಂಡು ಬರಬೇಡಿ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ನಮ್ಮ ಹಿರಿಯರು ಹೇಳುವುದು ಸುಳ್ಳಲ್ಲ. ಜನ ಇಣುಕಿ ನೋಡಿದರೆ, ಗಂಡು ಬೆಕ್ಕು ಸುಳಿದರೆ, ಹುಲ್ಲಿನ ಬಣವೆ ಕದಲಿಸಿದರೆ ತಾಯಿ ಒಂದೊಂದೇ ಮರಿಯನ್ನು ಕತ್ತು ಹಿಡಿದು ಬೇರೆ ಜಾಗಕ್ಕೆ ಸಾಗಿಸುತ್ತದೆ. ಮೂರು ಮರಿ ಸಾಗಿಸಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನಾವು ಅದನ್ನು "ಅನಾಥ" ಮಾಡಿರುತ್ತೇವೆ. ಬೇಟೆಗೆ ಹೋದ ತಾಯಿ ಎರಡು ಮೂರು ಗಂಟೆ ಬಾರದಿರುವುದೂ ಉಂಟು.

ಮರಿಗಳು ಬೆಚ್ಚಗಿದ್ದು, ಹೊಟ್ಟೆ ದುಂಡಗಿದ್ದು, ಒಂದರ ಮೇಲೊಂದು ಮಲಗಿ ನಿದ್ರಿಸುತ್ತಿದ್ದರೆ ತಾಯಿ ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ. ದೂರದಿಂದ ಗಮನಿಸಿ. ಮರಿಗಳ ಸುತ್ತ ಸ್ವಲ್ಪ ಒಣ ಹಿಟ್ಟು ಉದುರಿಸಿಟ್ಟರೆ, ನೀವು ನೋಡದಾಗ ತಾಯಿ ಬಂದು ಹೋಗಿದ್ದರೆ ಹೆಜ್ಜೆ ಗುರುತು ಬಿದ್ದಿರುತ್ತದೆ. ಮರಿಗಳು ತಣ್ಣಗಿದ್ದು, ಎಡೆಬಿಡದೆ ಕೂಗುತ್ತಿದ್ದು, ಹೊಟ್ಟೆ ಬೆನ್ನಿಗೆ ಹತ್ತಿದ್ದರೆ ಕಾಯುತ್ತಾ ಕೂರುವಂತಿಲ್ಲ. ಕೂಗುವುದನ್ನೂ ನಿಲ್ಲಿಸಿ ಮಂಕಾಗಿದ್ದರೆ ಆಗಲೇ ತಡವಾಗಿದೆ ಎಂದರ್ಥ.

ತಾಯಿ ಏಕೆ ಕಾಣೆಯಾಗುತ್ತದೆ? ನಾಯಿಗಳ ಬಾಯಿಗೆ ಸಿಗುತ್ತದೆ, ರಸ್ತೆಯಲ್ಲಿ ವಾಹನಕ್ಕೆ ಸಿಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕಾರಣವಿದೆ. ಇಲಿ ಪಾಷಾಣ ಇಟ್ಟ ಮನೆಯಲ್ಲಿ ವಿಷ ತಿಂದು ತೂರಾಡುವ ಇಲಿ ಬೆಕ್ಕಿಗೆ ಸುಲಭವಾಗಿ ಸಿಕ್ಕುತ್ತದೆ. ಬ್ರೋಮಾಡಿಯೋಲೋನ್ ಸೇರಿದ ಬಿಲ್ಲೆಗಳಾಗಲಿ, ಜಿಂಕ್ ಫಾಸ್ಫೈಡ್ ಪುಡಿಯಾಗಲಿ ಇಲಿಯ ಹೊಟ್ಟೆಯಲ್ಲಿ ಉಳಿದು ಬೆಕ್ಕಿಗೂ ಸೇರುತ್ತದೆ. ಹಾಲೂಡುವ ತಾಯಿಗೆ ಹಸಿವು ಹೆಚ್ಚು, ಆದ್ದರಿಂದ ಬೇಟೆಯೂ ಹೆಚ್ಚು, ಸಾಯುವ ಸಂಭವವೂ ಹೆಚ್ಚು. ಮನೆಯಲ್ಲಿ ಮರಿ ಹಾಕಿದ ಬೆಕ್ಕಿದ್ದರೆ ಪಾಷಾಣ ಇಡದೆ ಇಲಿ ಬೋನು ಬಳಸಿ.

ಫ್ಯಾಟ್ ಮತ್ತು ಎಸ್‌.ಎನ್‌.ಎಫ್‌. ಲೆಕ್ಕ

ಬೇರೆ ಓದುಗರಿಗೆ ವಿವರಿಸಲು ಕಷ್ಟವಾಗುವ ಸಂಗತಿಯೊಂದು ನಿಮಗೆ ಒಂದೇ ಮಾತಿಗೆ ಅರ್ಥವಾಗುತ್ತದೆ. ಎಲ್ಲ ಹಾಲೂ ಒಂದೇ ಅಲ್ಲ ಎಂಬುದನ್ನು ದಿನಕ್ಕೆ ಎರಡು ಸಲ ಡೇರಿಯ ಚೀಟಿಯಲ್ಲಿ ನೋಡುವವರು ನೀವು. ಹಸುವಿನ ಹಾಲಿನಲ್ಲಿ ಫ್ಯಾಟ್ ಶೇ. 3.5ರಿಂದ 4.5, ಪ್ರೋಟೀನ್ ಶೇ. 3ಕ್ಕಿಂತ ಸ್ವಲ್ಪ ಹೆಚ್ಚು, ಹಾಲಿನ ಸಕ್ಕರೆ ಅಂದರೆ ಲ್ಯಾಕ್ಟೋಸ್ ಶೇ. 4.5ರಿಂದ 5. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಶೇ. 7ರ ಆಸುಪಾಸು, ಅಂದರೆ ಹಸುವಿನದಕ್ಕಿಂತ ಎರಡು ಪಾಲು. ಕೊಬ್ಬು ದಿನದಿಂದ ದಿನಕ್ಕೆ ಬದಲಾದರೂ ಹಸುವಿನ ಹಾಲಿಗಿಂತ ಹೆಚ್ಚೇ. ಸಕ್ಕರೆ ಮಾತ್ರ ಶೇ. 4ರ ಹತ್ತಿರ. ಒಟ್ಟು ಘನಾಂಶದಲ್ಲಿ ಸಕ್ಕರೆಯ ಪಾಲು ಹಸುವಿನ ಹಾಲಿನಲ್ಲಿ ಮೂರನೆಯ ಒಂದು ಭಾಗದಷ್ಟಿದ್ದರೆ ಬೆಕ್ಕಿನ ಹಾಲಿನಲ್ಲಿ ಅದರ ಅರ್ಧದಷ್ಟು ಮಾತ್ರ.

ಇದಕ್ಕೆ ಕಾರಣವಿದೆ. ಕರು ಹುಟ್ಟಿದ ತೂಕದ ಎರಡರಷ್ಟಾಗಲು ಒಂದೂವರೆ ಎರಡು ತಿಂಗಳು ಬೇಕು. ಬೆಕ್ಕಿನ ಮರಿ ಹುಟ್ಟುವಾಗ ಸುಮಾರು 100 ಗ್ರಾಂ ಇದ್ದು, ದಿನಕ್ಕೆ 10ರಿಂದ 15 ಗ್ರಾಂ ಬೆಳೆದು, ಹತ್ತು ದಿನಗಳಲ್ಲಿ ಎರಡರಷ್ಟಾಗುತ್ತದೆ. ಅಷ್ಟು ಬೇಗ ಬೆಳೆಯುವ ಮೈಗೆ ಬೇಕಾದ ಪ್ರೋಟೀನು ಹಸುವಿನ ಹಾಲಿನಲ್ಲಿಲ್ಲ. ಅದನ್ನು ತುಂಬಿಸಲು ಹೆಚ್ಚು ಕುಡಿಸಿದರೆ ಸಕ್ಕರೆ ಕರುಳಿನಲ್ಲಿ ಹುಳಿತು ಭೇದಿಯಾಗುತ್ತದೆ. 100 ಗ್ರಾಂ ಮರಿಗೆ ಒಂದು ದಿನದ ಭೇದಿ ಸಾಕು. ನೀರು ಬೆರೆಸಿ ತೆಳುಮಾಡಿದರೆ ಭೇದಿ ನಿಂತೀತು, ಮರಿ ಹಸಿವಿನಿಂದ ಸಾಯುತ್ತದೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚು ನಿಜ, ಆದರೆ ಪ್ರೋಟೀನು ಸಾಲದು. ಮೇಕೆ ಹಾಲು ಬಹಳ ಒಳ್ಳೆಯದು ಎಂಬ ನಂಬಿಕೆಯೂ ಇದೆ. ಅದರ ಸಕ್ಕರೆ ಹಸುವಿನದರ ಹತ್ತಿರಹತ್ತಿರವೇ. ಕರುಗಳಿಗೆ ಕೊಡುವ ಬದಲಿ ಹಾಲಿನ ಪುಡಿಯೂ ಇದಕ್ಕೆ ಆಗುವುದಿಲ್ಲ. ಬಿಸಿ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡು, ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಮರಿಗಳ ಮಟ್ಟಿಗೆ ಆ ಬೆಕ್ಕಿನ ಹೆದರಿಕೆ ಅಷ್ಟೇನೂ ತಪ್ಪಲ್ಲ.

ಗಿಣ್ಣು ಹಾಲಿನ ವಿಚಾರವೂ ಹೀಗೆಯೇ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸಿ ಎಂದು ನಾವು ಪದೇ ಪದೇ ಹೇಳುವುದು ಅದರಲ್ಲಿರುವ ರೋಗನಿರೋಧಕ ಶಕ್ತಿಗಾಗಿ. ಬೆಕ್ಕಿನ ಮರಿಯ ಕರುಳು ಆ ಶಕ್ತಿಯನ್ನು ಹೀರಿಕೊಳ್ಳುವುದು ಮೊದಲ 16–18 ಗಂಟೆಗಳು ಮಾತ್ರ. ತಾಯಿಯ ಗಿಣ್ಣನ್ನೇ ಕುಡಿಯದ ಮರಿ ಮೊದಲ ತಿಂಗಳುಗಳಲ್ಲಿ ಬಹಳ ದುರ್ಬಲ. ಹಸುವಿನ ಗಿಣ್ಣು ಕುಡಿಸಿದರೆ ಬೆಕ್ಕಿನ ಕಾಯಿಲೆಗಳಿಂದ ರಕ್ಷಣೆ ಸಿಗುವುದಿಲ್ಲ.

ಸಾಕುತಾಯಿ ಸಿಕ್ಕಿದರೆ ಅರ್ಧ ಗೆದ್ದಂತೆ

ಹಾಗಾದರೆ ಏನು ಮಾಡಬೇಕು? ಮೊದಲು ಊರಿನಲ್ಲಿ ಹಾಲೂಡುತ್ತಿರುವ ಇನ್ನೊಂದು ಬೆಕ್ಕನ್ನು ಹುಡುಕಿ. ಬೇರೆ ಹಸುವಿನ ಕರುವನ್ನು ಒದೆಯುವ ಹಸುವನ್ನು ನೋಡಿದ ನಿಮಗೆ ಇದು ಆಗದ ಮಾತು ಎನಿಸಬಹುದು. ಬೆಕ್ಕಿನ ಗುಣ ಬೇರೆ. ಒಂದೇ ಅಟ್ಟದಲ್ಲಿ ಎರಡು ಬೆಕ್ಕು ಮರಿ ಹಾಕಿದರೆ ಮರಿಗಳನ್ನೆಲ್ಲ ಒಂದೆಡೆ ಸೇರಿಸಿ ಇಬ್ಬರೂ ಹಾಲೂಡುವುದುಂಟು. ಬೇರೆಯ ಮರಿಯನ್ನು ಬೆಕ್ಕು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ.

ಎರಡು ಕಡೆಯ ಮರಿಗಳ ವಯಸ್ಸು ಹೆಚ್ಚುಕಡಿಮೆ ಒಂದೇ ಇರಬೇಕು, ಒಂದು ವಾರದ ಅಂತರವಾದರೆ ಅಡ್ಡಿಯಿಲ್ಲ. ತಾಯಿಗೆ ಸಾಮಾನ್ಯವಾಗಿ ಎಂಟು ಮೊಲೆ. ಅದರದೇ ಮೂರು ಮರಿ ಇದ್ದರೆ ಇನ್ನೆರಡು ಮೂರನ್ನು ಸೇರಿಸಬಹುದು, ಐದಾರು ಇದ್ದರೆ ಬೇಡ. ತರುವ ಮರಿಗೆ ಭೇದಿ, ಮೂಗು ಸೋರುವುದು, ಕಣ್ಣು ಅಂಟಿಕೊಳ್ಳುವುದು ಇದ್ದರೆ ಮೊದಲು ವೈದ್ಯರಿಗೆ ತೋರಿಸಿ. ಇಲ್ಲವಾದರೆ ಎರಡು ಕಡೆಯ ಮರಿಗಳೂ ಹೋಗುತ್ತವೆ. ಸೇರಿಸುವ ಮುಂಚೆ ಮರಿಯನ್ನು ಬೆಚ್ಚಗೆ ಮಾಡಿ, ಸಾಕುತಾಯಿ ಮಲಗಿದ್ದ ಬಟ್ಟೆಯಿಂದ ಮೈಯನ್ನೆಲ್ಲ ಉಜ್ಜಿ. ಆ ತಾಯಿ ಹೊರಗೆ ಹೋದಾಗ ಅದರ ಮರಿಗಳ ನಡುವೆ ಮಲಗಿಸಿ, ತಾಯಿಗೆ ಮೀನಿನ ತುಂಡನ್ನೋ ಮೊಟ್ಟೆಯನ್ನೋ ಕೊಟ್ಟು ದೂರ ನಿಂತು ನೋಡಿ. ನೆಕ್ಕಲು ಶುರುಮಾಡಿದರೆ ಒಪ್ಪಿತು ಎಂದೇ ಲೆಕ್ಕ. ಗುರುಗುಟ್ಟಿ ಹೊಡೆದರೆ ತೆಗೆದು, ಒಂದೆರಡು ಗಂಟೆ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.

ಇಂಥ ಬೆಕ್ಕು ಎಲ್ಲಿದೆ ಎಂದು ತಿಳಿಯಲು ನಿಮ್ಮ ಸಂಘಕ್ಕಿಂತ ಒಳ್ಳೆಯ ಜಾಗವಿಲ್ಲ. ಬೆಳಗ್ಗೆ ಹಾಲು ಹಾಕಲು ಬರುವ ಸಾಲಿನಲ್ಲಿ ಊರಿನ ಅರ್ಧ ಮನೆಗಳವರು ನಿಂತಿರುತ್ತಾರೆ. ಒಬ್ಬ ಸದಸ್ಯೆ ಆ ಸಾಲಿನಲ್ಲಿ ವಿಚಾರಿಸಿ, ಮೂರನೆಯ ಬೀದಿಯಲ್ಲಿ ಬೆಕ್ಕು ಮರಿ ಹಾಕಿದ ಮನೆ ಪತ್ತೆಮಾಡಿ, ಹಾಲಿನ ಖಾಲಿ ಕ್ಯಾನಿನ ಜೊತೆಗೆ ಸೆರಗಿನಲ್ಲಿ ಎರಡು ಮರಿ ಕಟ್ಟಿಕೊಂಡು ಹೋಗಿದ್ದನ್ನು ನಾನು ಕಂಡಿದ್ದೇನೆ. ಆ ಮನೆಯ ಅಜ್ಜಿಯ ಆಕ್ಷೇಪಣೆ ಒಂದೇ ಇತ್ತಂತೆ: "ನಮ್ಮ ಕೊತ್ತಿಗೆ ಮೇವು ಯಾರು ಕೊಡ್ತಾರೆ?" ಅಜ್ಜಿಯ ಪ್ರಶ್ನೆ ನ್ಯಾಯವಾದದ್ದೇ. ಹೆಚ್ಚು ಮರಿಗೆ ಹಾಲೂಡುವ ಬೆಕ್ಕಿಗೆ ಎಂದಿನ ಎರಡು ಪಾಲಿಗಿಂತಲೂ ಹೆಚ್ಚು ಆಹಾರ ಬೇಕು. ಮೊಟ್ಟೆ, ಮೀನು, ಮಾಂಸದ ಚೂರು, ಏನಾದರೂ ದಿನವೂ ಆ ಮನೆಗೆ ಕಳಿಸುವುದು ಮರಿ ಕೊಟ್ಟವರ ಜವಾಬ್ದಾರಿ.

ಕೈಯಿಂದ ಸಾಕಬೇಕಾದಾಗ

ಸಾಕುತಾಯಿ ಸಿಗದಿದ್ದರೆ ನೀವೇ ತಾಯಿ. ಇಲ್ಲಿ ಮೊದಲನೆಯ ಕೆಲಸ ಶಾಖ, ಎರಡನೆಯದು ಹಾಲು. ಮೂರು ವಾರದವರೆಗೆ ಮರಿ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು. ತಣ್ಣಗಾದ ಮರಿಯ ಕರುಳು ಕೆಲಸ ಮಾಡುವುದಿಲ್ಲ. ಆಗ ಕುಡಿಸಿದ ಹಾಲು ಹೊಟ್ಟೆಯಲ್ಲೇ ನಿಂತು ಕೆಡುತ್ತದೆ. ಆದ್ದರಿಂದ ಬಾಯೊಳಗೆ ಕಿರುಬೆರಳಿಟ್ಟು ನೋಡಿ, ತಣ್ಣಗಿದ್ದರೆ ಹನಿ ಹಾಲನ್ನೂ ಕೊಡಬೇಡಿ. ಮೈಗೆ ಹತ್ತಿಸಿ ಹಿಡಿದುಕೊಳ್ಳಿ, ಮೇಲೆ ಶಾಲು ಹೊದ್ದುಕೊಳ್ಳಿ. ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡಿ. ನಿಧಾನವಾಗಿ, ಒಂದೆರಡು ಗಂಟೆಯಲ್ಲಿ ಬೆಚ್ಚಗಾಗಲಿ. ಬೆಂಕಿಯ ಮುಂದೆ ಹಿಡಿಯುವುದು, ಬಿಸಿನೀರಿನಲ್ಲಿ ಅದ್ದುವುದು ಬೇಡ.

ಒಂದು ಬಿದಿರಿನ ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆ, ಒಳಗೆ ಹಳೆಯ ಸೀರೆಯ ತುಂಡು ಸಾಕು. ಕೋಳಿ ಮರಿಗಳಿಗೆ ಕಟ್ಟುವಂತೆ ಮೇಲೆ ಬಲ್ಬು ಕಟ್ಟಬಹುದು. ಮೊದಲ ವಾರ ಒಳಗಿನ ಶಾಖ 30–32 ಡಿಗ್ರಿ ಇರಲಿ, ಆಮೇಲೆ ಕ್ರಮೇಣ ಕಡಿಮೆಯಾಗಲಿ. ಪೆಟ್ಟಿಗೆಯ ಒಂದು ಬದಿ ಮಾತ್ರ ಬೆಚ್ಚಗಿರಬೇಕು, ಸೆಖೆಯಾದರೆ ಮರಿ ಆಚೆ ಸರಿಯಲು ಜಾಗ ಬೇಕು. ಬಲ್ಬಿನ ಹತ್ತಿರ ಹುಲ್ಲು ಇರಕೂಡದು. ಬಣವೆಯೇ ಸುಟ್ಟುಹೋದರೆ ಬೆಕ್ಕಿನ ಮರಿಯ ಹೆಸರು ಹೇಳಿಕೊಂಡು ನನ್ನನ್ನು ಬೈಯುತ್ತೀರಿ.

ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಜಿಲ್ಲಾ ಕೇಂದ್ರಗಳ ಸಾಕುಪ್ರಾಣಿ ಅಂಗಡಿಗಳಲ್ಲಿ, ಕೆಲವು ಪಶು ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಅದೇ ಸರಿಯಾದದ್ದು. ಅದನ್ನು ತರುವವರೆಗೆ, ಒಂದೆರಡು ದಿನದ ಮಟ್ಟಿಗೆ, ಕಾಲು ಲೀಟರು ಕಾಯಿಸಿ ಆರಿಸಿದ ಗಟ್ಟಿ ಹಾಲಿಗೆ ಎರಡು ಕೋಳಿಮೊಟ್ಟೆಯ ಹಳದಿ ಮತ್ತು ಒಂದು ಟೀ ಚಮಚ ಅಡುಗೆ ಎಣ್ಣೆ ಸೇರಿಸಿ, ಚೆನ್ನಾಗಿ ಕಲಸಿ, ಸೋಸಿ ಕೊಡಬಹುದು. ಮೊಟ್ಟೆಯ ಬಿಳಿ ಬೇಡ, ಸಕ್ಕರೆ ಬೇಡ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಒಂದೇ ದಿನದಲ್ಲಿ ಮುಗಿಸಬೇಕು. ಇದು ತಾತ್ಕಾಲಿಕ ವ್ಯವಸ್ಥೆ ಎಂಬುದನ್ನು ಮರೆಯಬೇಡಿ.

ಕುಡಿಸುವ ರೀತಿಯಲ್ಲಿ ಎಚ್ಚರ ಬೇಕು. ಹಸುಗೂಸಿಗೆ ಒಳಲೆಯಲ್ಲಿ ಕುಡಿಸುವಂತೆ ಅಂಗಾತ ಮಲಗಿಸಿ ಬಾಯಿಗೆ ಸುರಿಯುವುದನ್ನು ಬಹಳ ಮನೆಗಳಲ್ಲಿ ನೋಡುತ್ತೇನೆ. ರಾಸಿಗೆ ನಾಲಿಗೆ ಎಳೆದು ಹಿಡಿದು ಗೊಟ್ಟ ಹಾಕಿದರೆ ಔಷಧ ಶ್ವಾಸಕೋಶಕ್ಕೆ ಹೋಗಿ ಏನಾಗುತ್ತದೆಂದು ನಿಮಗೆ ಗೊತ್ತು. ಇಲ್ಲಿಯೂ ಅದೇ ಆಗುತ್ತದೆ, ಇನ್ನೂ ಬೇಗ. ಮರಿ ಹೊಟ್ಟೆಯ ಮೇಲೆ ಮಲಗಿರಬೇಕು, ತಲೆ ಸ್ವಲ್ಪ ಮೇಲಿರಬೇಕು, ತಾಯಿಯ ಮೊಲೆ ಚೀಪುವಾಗ ಇರುವ ಹಾಗೆಯೇ. ಸೂಜಿ ತೆಗೆದ 2 ಅಥವಾ 5 ಮಿ.ಲೀ. ಸಿರಿಂಜಿನಿಂದ, ಇಲ್ಲವೇ ಇಂಕ್ ಫಿಲ್ಲರಿನಿಂದ, ಬಾಯಿಯ ಬದಿಯಲ್ಲಿ ಹನಿಹನಿಯಾಗಿ ಕೊಡಿ, ನುಂಗಿದ ಮೇಲೆ ಮುಂದಿನ ಹನಿ. ಹಾಲು ನಿಮ್ಮ ಮಣಿಕಟ್ಟಿನ ಮೇಲೆ ಬಿಟ್ಟರೆ ಬೆಚ್ಚಗೆನಿಸಬೇಕು. ಮೂಗಿನಿಂದ ಹಾಲು ಬಂದರೆ ಕೂಡಲೇ ನಿಲ್ಲಿಸಿ ತಲೆ ತಗ್ಗಿಸಿ ಒರೆಸಿ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಎರಡು ಮೂರನೆಯ ವಾರದಲ್ಲಿ ನಾಲ್ಕು ಗಂಟೆಗೊಮ್ಮೆ. ಒಂದು ಸಲಕ್ಕೆ 100 ಗ್ರಾಂ ತೂಕಕ್ಕೆ 4 ಮಿ.ಲೀ.ಗಿಂತ ಹೆಚ್ಚು ಬೇಡ. ದಿನಾಲೂ ಒಂದೇ ಹೊತ್ತಿಗೆ ಅಡಿಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಏರದಿದ್ದರೆ ಎಲ್ಲೋ ತಪ್ಪುತ್ತಿದೆ, ಇಳಿದರೆ ಆ ದಿನವೇ ವೈದ್ಯರನ್ನು ಕಾಣಬೇಕು.

ಯಾರೂ ಹೇಳಿಕೊಡದ ಇನ್ನೊಂದು ಕೆಲಸವಿದೆ. ಮೂರು ವಾರದವರೆಗೆ ಮರಿ ತಾನಾಗಿ ಉಚ್ಚೆ ಹೊಯ್ಯಲಾರದು, ಮಲ ವಿಸರ್ಜಿಸಲಾರದು. ತಾಯಿ ನೆಕ್ಕಿ ಮಾಡಿಸುತ್ತದೆ. ಪ್ರತಿ ಸಲ ಹಾಲು ಕುಡಿಸಿದ ಮೇಲೆ ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸುತ್ತಿದ್ದರೆ ಆಗುತ್ತದೆ. ಇದನ್ನು ಮಾಡದೆ, ಹೊಟ್ಟೆ ಉಬ್ಬಿತು, ಹಾಲು ಹೆಚ್ಚಾಯಿತು ಎಂದುಕೊಂಡು ಮರಿ ಕಳೆದುಕೊಂಡವರಿದ್ದಾರೆ.

ಕಣ್ಣು 7ರಿಂದ 14 ದಿನಕ್ಕೆ ಬಿಡುತ್ತದೆ, ಬೆರಳಿನಿಂದ ಬಿಡಿಸಬೇಡಿ. ನಾಲ್ಕನೆಯ ವಾರದಿಂದ ಚಪ್ಪಟೆ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಅರೆದ ಮಾಂಸವನ್ನು ಹಾಲಿನಲ್ಲಿ ಕಲಸಿ ರುಚಿ ತೋರಿಸಿ. ಎಂಟು ವಾರಕ್ಕೆ ಹಾಲು ಬಿಡಿಸಬಹುದು. ಬೆಕ್ಕು ಮಾಂಸಾಹಾರಿ. ಅದರ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಅಂಶ ಮೀನು ಮಾಂಸಗಳಲ್ಲಿದೆ, ಅನ್ನದಲ್ಲಿಲ್ಲ, ಹಾಲಿನಲ್ಲಿ ತೀರ ಕಡಿಮೆ. ಮೊಸರನ್ನವನ್ನೇ ತಿಂದು ಬೆಳೆಯುವ ಮರಿ ಬಡಕಲಾಗುವುದು ಇದರಿಂದಲೇ. ಮಾಂಸ ಮಾಡದ ಮನೆಯವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರ ಕೊಡಬಹುದು. ಮರಿಗಳನ್ನು ಈ ವಾರಗಳಲ್ಲಿ ಮಕ್ಕಳು ಎತ್ತಿ ಆಡಿಸಿದರೆ ಸಾಧುವಾಗುತ್ತವೆ. ಎರಡರಿಂದ ಏಳು ವಾರದವರೆಗೆ ಮನುಷ್ಯರ ಕೈ ಕಾಣದ ಮರಿ ಮುಂದೆ ಯಾರ ಮನೆಗೂ ಒಗ್ಗುವುದಿಲ್ಲ.

ಕೊಟ್ಟಿಗೆಯಲ್ಲೇ ಇರುವ ವಿಷಗಳು

ನಾನು ಬಹಳ ಚಿಂತೆಯಿಂದ ಬರೆಯುತ್ತಿರುವ ಭಾಗವಿದು. ಮರಿಗಳಿಗೆ ಚಿಗಟ ಹತ್ತಿದರೆ ರಕ್ತ ಹೀರಿ ಹೀರಿ ಮರಿ ಬಿಳಿಚಿ ಸಾಯುತ್ತದೆ ಎಂಬುದು ನಿಜ. ಅದಕ್ಕಾಗಿ ರಾಸುಗಳ ಉಣ್ಣೆಗೆ ತಂದ ಔಷಧವನ್ನು ನೀರಿಗೆ ಬೆರೆಸಿ ಮರಿಗೆ ಸವರುತ್ತಾರೆ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಪರ್ಮೆಥ್ರಿನ್ ಜಾತಿಯ ಔಷಧಗಳನ್ನು ಹಸು ತಡೆದುಕೊಳ್ಳುತ್ತದೆ, ಬೆಕ್ಕು ತಡೆದುಕೊಳ್ಳುವುದಿಲ್ಲ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ನಡುಗುತ್ತದೆ, ಜೊಲ್ಲು ಸುರಿಸುತ್ತದೆ, ಸೆಟೆದು ಸಾಯುತ್ತದೆ. ಅಮಿಟ್ರಾಜ್ ಕೂಡ ಬೇಡ. ಹಸುವಿಗೆ ಔಷಧ ಸಿಂಪಡಿಸಿದ ದಿನ ಬೆಕ್ಕು ಹಸುವಿನ ಮೈಗೆ ಉಜ್ಜದಂತೆ, ಬಕೆಟ್ಟಿನ ನೀರು ಕುಡಿಯದಂತೆ ನೋಡಿಕೊಳ್ಳಿ. ಚಿಗಟಕ್ಕೆ ಹೇನು ಬಾಚಣಿಗೆಯೇ ಮದ್ದು. ಬಾಚಿ, ಸೋಪಿನ ನೀರಿನ ಲೋಟದಲ್ಲಿ ಅದ್ದಿ. ಮರಿಯ ಹಾಸಿಗೆ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಒಗೆಯಿರಿ.

ಜ್ವರವೆಂದು ಪ್ಯಾರಾಸಿಟಮಾಲ್ ಮಾತ್ರೆ ಚೂರು ಮಾಡಿ ಕೊಡುವುದು ಬೆಕ್ಕಿಗೆ ವಿಷ ಕೊಟ್ಟಂತೆ. ಮರಿಗಳ ಪೆಟ್ಟಿಗೆ ತೊಳೆಯಲು ಫಿನಾಯಿಲ್ ಬಳಸಬೇಡಿ, ಸೋಪು ಬಿಸಿಲು ಸಾಕು. ಜಂತಿನ ಔಷಧ ಮರಿಗಳಿಗೆ ಬೇಕೇ ಬೇಕು, ಆದರೆ ರಾಸುಗಳ ಬಾಟಲಿಯಿಂದ ಅಂದಾಜಿನ ಹನಿ ಬೇಡ. ತೂಕ ಬರೆದ ಚೀಟಿ ತಂದರೆ ಪಶು ಆಸ್ಪತ್ರೆಯಲ್ಲಿ ಪ್ರಮಾಣ ಹೇಳುತ್ತಾರೆ. ಎಂಟನೆಯ ವಾರದಿಂದ ಬೆಕ್ಕಿನ ಸಾಂಕ್ರಾಮಿಕ ಭೇದಿ ಮತ್ತು ನೆಗಡಿಯ ಲಸಿಕೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು. ಬೆಕ್ಕು ಕಚ್ಚಿದರೂ ಪರಚಿದರೂ ಈ ರೋಗ ಬರಬಹುದು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಮನುಷ್ಯರ ಆಸ್ಪತ್ರೆಗೆ ಹೋಗಿ.

ಕುರಿ ಮೇಕೆ ಸಾಕಿರುವ ಸದಸ್ಯರಿಗೆ ಒಂದು ಮಾತು. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದ ಮೂಲಕ ಮೇವಿಗೆ ಸೇರಿ ಗಬ್ಬದ ಕುರಿ ಮೇಕೆಗಳಲ್ಲಿ ಗರ್ಭಪಾತ ಉಂಟುಮಾಡುತ್ತದೆ. ಹಸುಗಳಲ್ಲಿ ಈ ತೊಂದರೆ ವಿರಳ. ಗರ್ಭಿಣಿಯರಿಗೂ ಅಪಾಯವಿರುವುದರಿಂದ ಬೆಕ್ಕಿನ ಮಲ ತೆಗೆಯುವ ಕೆಲಸ ಅವರಿಗೆ ಬೇಡ. ಆದರೆ ಇದಕ್ಕೆ ಹೆದರಿ ಬೆಕ್ಕನ್ನೇ ಓಡಿಸಬೇಕಾಗಿಲ್ಲ. ಮೊದಲ ಬಾರಿ ಬೇಟೆಯಾಡಿ ಸೋಂಕು ತಗಲಿಸಿಕೊಂಡ ಎಳೆ ಬೆಕ್ಕುಗಳು ಒಂದೆರಡು ವಾರ ಇದನ್ನು ಹೆಚ್ಚಾಗಿ ಹೊರಹಾಕುತ್ತವೆ. ಹಳೆಯ ಬೆಕ್ಕುಗಳು ಸಾಮಾನ್ಯವಾಗಿ ಹೊರಹಾಕುವುದಿಲ್ಲ. ಅಂದರೆ ವರ್ಷಕ್ಕೆ ಹತ್ತು ಮರಿ ಹುಟ್ಟಿ ಓಡಾಡುವ ಕೊಟ್ಟಿಗೆಗಿಂತ ಎರಡು ಹಳೆಯ, ಶಸ್ತ್ರಚಿಕಿತ್ಸೆ ಆದ ಬೆಕ್ಕುಗಳಿರುವ ಕೊಟ್ಟಿಗೆ ಕುರಿಗಳಿಗೂ ಕ್ಷೇಮ. ಮೇವಿನ ಕೋಣೆಯ ಬಾಗಿಲು ಮುಚ್ಚಿಡುವುದು, ಪಶು ಆಹಾರವನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಡುವುದು ಹೇಗೂ ಒಳ್ಳೆಯ ಅಭ್ಯಾಸ.

ಸಂತಾನಹರಣ ಶಸ್ತ್ರಚಿಕಿತ್ಸೆ

ನಮ್ಮ ವೃತ್ತಿಯ ವಿಚಿತ್ರ ನೋಡಿ. ಹಸು ಮೂರು ಸಲ ಬೆದೆಗೆ ಬಂದರೂ ಗಬ್ಬ ಕಟ್ಟಲಿಲ್ಲ ಎಂದು ನನ್ನನ್ನು ಕರೆಸುವ ಮನೆಯಲ್ಲೇ ಬೆಕ್ಕು ಯಾರ ಸಹಾಯವೂ ಇಲ್ಲದೆ ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕುತ್ತಿರುತ್ತದೆ. ಹೆಣ್ಣು ಮರಿ ಐದಾರು ತಿಂಗಳಿಗೆ, ಕೆಲವು ನಾಲ್ಕು ತಿಂಗಳಿಗೇ ಬೆದೆಗೆ ಬರುತ್ತವೆ. ಗಂಡು ಸೇರಿದ ಮೇಲೆಯೇ ಅಂಡ ಬಿಡುಗಡೆಯಾಗುವುದರಿಂದ ಗರ್ಭ ನಿಲ್ಲದಿರುವುದು ಅಪರೂಪ. ಗರ್ಭದ ಅವಧಿ 63–65 ದಿನ. ಸಾಮಾನ್ಯವಾಗಿ ನಾಲ್ಕು ಮರಿ. ಮರಿಗಳಿಗೆ ಹಾಲೂಡುತ್ತಿರುವಾಗಲೇ ಮತ್ತೆ ಗರ್ಭ ಧರಿಸಬಹುದು.

ಒಂದು ಜೊತೆ ಬೆಕ್ಕಿನಿಂದ ಏಳು ವರ್ಷಗಳಲ್ಲಿ ಲಕ್ಷಗಟ್ಟಲೆ ಬೆಕ್ಕು ಆಗುತ್ತವೆ ಎಂಬ ಲೆಕ್ಕವನ್ನು ಕೆಲವು ಕಡೆ ಮುದ್ರಿಸುತ್ತಾರೆ. ಅದು ಕಾಗದದ ಮೇಲಿನ ಗುಣಾಕಾರ. ನಮ್ಮ ಊರುಗಳಲ್ಲಿ ಲಕ್ಷ ಬೆಕ್ಕುಗಳಿಲ್ಲ. ಏಕಿಲ್ಲ ಎಂದು ಯೋಚಿಸಿ. ಹುಟ್ಟಿದವುಗಳಲ್ಲಿ ಬಹುಪಾಲು ವರ್ಷ ತುಂಬುವ ಮೊದಲೇ ಹಸಿವು, ಭೇದಿ, ನಾಯಿ, ರಸ್ತೆ, ಗಂಡು ಬೆಕ್ಕಿನ ಬಾಯಿ ಇವುಗಳಿಗೆ ಸಿಕ್ಕಿ ಮುಗಿಯುತ್ತವೆ. ಉಳಿದವನ್ನು ಗೋಣಿಚೀಲದಲ್ಲಿ ಕಟ್ಟಿ ಸಂತೆ ಮಾಳದಲ್ಲೋ ಕೆರೆ ಏರಿಯ ಮೇಲೋ ಬಿಟ್ಟು ಬರುತ್ತಾರೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಬಿಟ್ಟು ಬಂದವರನ್ನು ನಾನು ಕೆಟ್ಟವರೆಂದು ಹೇಳಲಾರೆ. ಹತ್ತನೆಯ ಮರಿಗೂ ಮನೆ ಹುಡುಕಿ ಸೋತವರು ಅವರು. ಹನ್ನೊಂದನೆಯದು ಹುಟ್ಟದಂತೆ ಮಾಡುವ ದಾರಿ ಇದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಹೆಣ್ಣು ಬೆಕ್ಕಿಗೆ ಅರಿವಳಿಕೆ ಕೊಟ್ಟು ಅಂಡಾಶಯ ಮತ್ತು ಗರ್ಭಕೋಶವನ್ನು ತೆಗೆಯುತ್ತಾರೆ. ಗಂಡಿನದು ಇನ್ನೂ ಚಿಕ್ಕ ಶಸ್ತ್ರಚಿಕಿತ್ಸೆ. ಹೋರಿಗಳ ಬೀಜ ಒಡೆಯುವ ಬರ್ಡಿಜೊ ಇಕ್ಕಳದ ನೆನಪು ಮಾಡಿಕೊಂಡು ಹೆದರಬೇಡಿ, ಅದನ್ನು ಬೆಕ್ಕಿಗೆ ಬಳಸುವುದಿಲ್ಲ. ನಾಲ್ಕರಿಂದ ಆರು ತಿಂಗಳೊಳಗೆ, ಮೊದಲ ಬೆದೆಗೆ ಮುಂಚೆ ಮಾಡಿಸುವುದು ಉತ್ತಮ. "ಒಂದು ಸೂಲಾದರೂ ಆಗಲಿ" ಎಂಬ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಬದಲಾಗಿ, ಬೇಗ ಮಾಡಿಸಿದ ಹೆಣ್ಣು ಬೆಕ್ಕಿಗೆ ಮುಂದೆ ಮೊಲೆಯ ಕ್ಯಾನ್ಸರ್ ಬರುವ ಸಂಭವ ಬಹಳ ಕಡಿಮೆ, ಗರ್ಭಕೋಶದಲ್ಲಿ ಕೀವು ತುಂಬುವ ಭಯವಿಲ್ಲ. ಗಂಡು ಬೆಕ್ಕು ಊರೂರು ತಿರುಗುವುದು, ಕಾದಾಡಿ ಕಿವಿ ಹರಿದುಕೊಂಡು ಬರುವುದು, ಹಿಂಡಿ ಚೀಲದ ಮೇಲೆ ಉಚ್ಚೆ ಸಿಂಪಡಿಸುವುದು ಕಡಿಮೆಯಾಗುತ್ತದೆ.

ಹಾಲೂಡುವ ತಾಯಿಗೆ ಯಾವಾಗ? ಮರಿಗಳಿಗೆ ಆರರಿಂದ ಎಂಟು ವಾರವಾಗಿ, ತಿನ್ನಲು ಕಲಿತ ಕೂಡಲೇ. ಆಮೇಲೆ ಮಾಡಿಸೋಣ ಎಂದು ತಿಂಗಳು ತಳ್ಳಿದರೆ ಆಗಲೇ ಗರ್ಭ ನಿಂತಿರುತ್ತದೆ. ಶಸ್ತ್ರಚಿಕಿತ್ಸೆಯಿಂದ ಹಾಲು ಬತ್ತಿಹೋಗುವುದಿಲ್ಲ. ಹಾಲು ಇಳಿಸುವ ಚೋದಕ ಬರುವುದು ಮೆದುಳಿನ ಕೆಳಗಿನ ಗ್ರಂಥಿಯಿಂದ, ಗರ್ಭಕೋಶದಿಂದಲ್ಲ.

ಸಭೆಗಳಲ್ಲಿ ಎದ್ದು ನಿಂತು ಕೇಳುವ ಪ್ರಶ್ನೆ ಒಂದೇ: "ಆಪರೇಷನ್ ಆದ ಬೆಕ್ಕು ಇಲಿ ಹಿಡಿಯುತ್ತದೆಯೇ ಸಾರ್?" ಹಿಡಿಯುತ್ತದೆ. ಬೇಟೆಯ ಗುಣಕ್ಕೂ ಗರ್ಭಕೋಶಕ್ಕೂ ಸಂಬಂಧವಿಲ್ಲ. ಬೆದೆಗೆ ಬಂದು ಊರು ಸುತ್ತದೆ ಮನೆಯಲ್ಲೇ ಇರುವ ಬೆಕ್ಕು ನಿಮ್ಮ ಕೊಟ್ಟಿಗೆಯ ಇಲಿಯನ್ನೇ ಹಿಡಿಯುತ್ತದೆ. ಹಸಿದಿಟ್ಟರೆ ಚೆನ್ನಾಗಿ ಇಲಿ ಹಿಡಿಯುತ್ತದೆ ಎಂಬುದೂ ಸರಿಯಲ್ಲ. ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಚಾರ್ಲ್ಸ್ ಎಲ್ಟನ್ ಅಲ್ಲಿನ ಹೊಲಮನೆಗಳ ಬೆಕ್ಕುಗಳನ್ನು ಗಮನಿಸಿ 1953ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒಮ್ಮೆ ಇಲಿಗಳನ್ನು ತೆಗೆದ ಕಟ್ಟಡಗಳಿಗೆ ಅವು ಮತ್ತೆ ಬಾರದಂತೆ ಬೆಕ್ಕುಗಳು ತಡೆಯುತ್ತವೆ, ಮನೆಯಲ್ಲಿ ಒಂದಿಷ್ಟು ಹಾಲು ಹಾಕುತ್ತಿದ್ದರೆ ಅವು ಅಲ್ಲೇ ಉಳಿಯುತ್ತವೆ ಎಂದು ತೋರಿಸಿದರು. ದೊಡ್ಡ ಬೆಕ್ಕಿಗೆ ಕರೆದ ಹಾಲಿನಲ್ಲಿ ಒಂದು ಸೌಟು ಹಾಕುವ ನಮ್ಮ ಪದ್ಧತಿ, ಭೇದಿಯಾಗದಷ್ಟು ಇದ್ದರೆ, ಒಳ್ಳೆಯದೇ.

ಎಲ್ಲಿ ಮಾಡಿಸಬೇಕು? ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳೂ ಇವೆ. ಒಂದೊಂದು ಬೆಕ್ಕಿಗೆ ಒಬ್ಬೊಬ್ಬರು ಹೋಗುವ ಬದಲು, ಬರಡು ರಾಸುಗಳ ಶಿಬಿರಕ್ಕೆ ಹೆಸರು ಬರೆಸುವಂತೆ ಸಂಘದಲ್ಲಿ ಒಂದು ಪುಸ್ತಕ ಇಟ್ಟು ಬೆಕ್ಕುಗಳ ಹೆಸರೂ ಬರೆಸಿ. ಎಂಟು ಹತ್ತು ಆದ ಮೇಲೆ ಕಾರ್ಯದರ್ಶಿಗಳು ಆಸ್ಪತ್ರೆಗೆ ಪತ್ರ ಬರೆದು ಒಂದು ದಿನ ಗೊತ್ತುಮಾಡಿಕೊಂಡರೆ ಒಂದೇ ವಾಹನದಲ್ಲಿ ಎಲ್ಲವನ್ನೂ ಒಯ್ಯಬಹುದು. ಯಾರ ಮನೆಗೂ ಸೇರದ ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ ಆಗಿದೆ ಎಂದು ಗೊತ್ತಾಗಲು, ಅರಿವಳಿಕೆಯಲ್ಲಿರುವಾಗಲೇ ಎಡಗಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿ ಗುರುತು ಮಾಡಿಸುವ ಪದ್ಧತಿಯಿದೆ. ಮರಿಯನ್ನು ಬೇರೆಯವರಿಗೆ ಕೊಡುವಾಗ ಎಂಟು ವಾರ ತುಂಬಿದ ಮೇಲೆ ಕೊಡಿ, ಅವರ ಹೆಸರನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಆರು ತಿಂಗಳಿಗೆ ನೆನಪಿಸಲು ಅನುಕೂಲ.

ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ತರಬೇಡಿ, ಉಸಿರುಕಟ್ಟುತ್ತದೆ. ಎರಡು ತರಕಾರಿ ಕ್ರೇಟುಗಳನ್ನು ಬಾಯಿಗೆ ಬಾಯಿ ಸೇರಿಸಿ ಹಗ್ಗದಿಂದ ಕಟ್ಟಿದರೆ ಒಳ್ಳೆಯ ಪಂಜರವಾಗುತ್ತದೆ. ಒಳಗೆ ಒಂದು ಬಟ್ಟೆ ಹಾಕಿ, ಮೇಲೊಂದು ಟವೆಲು ಮುಚ್ಚಿದರೆ ಬೆಕ್ಕು ಹೆದರುವುದಿಲ್ಲ. ದೊಡ್ಡ ಬೆಕ್ಕಿಗೆ ಹಿಂದಿನ ರಾತ್ರಿಯಿಂದ ಆಹಾರ ಬೇಡ, ನೀರು ಇರಲಿ. ಚಿಕ್ಕ ಮರಿಗಳನ್ನು ಅಷ್ಟು ಹೊತ್ತು ಉಪವಾಸ ಕೆಡವಬಾರದು, ಎಷ್ಟು ಗಂಟೆ ಎಂದು ವೈದ್ಯರನ್ನು ಕೇಳಿ. ಮನೆಗೆ ತಂದ ಮೇಲೆ ಒಂದು ದಿನವಾದರೂ ಕೋಣೆಯೊಳಗೆ ಬೆಚ್ಚಗಿಡಿ. ಅರಿವಳಿಕೆಯ ಮಂಪರಿನಲ್ಲಿ ಅಟ್ಟ ಹತ್ತಿದರೆ ಬೀಳುತ್ತದೆ, ಬಾವಿಕಟ್ಟೆಯ ಮೇಲೆ ಬಿಟ್ಟರಂತೂ ಹೇಳಲೇಬೇಕಿಲ್ಲ. ಹತ್ತು ದಿನ ಹೊಲಿಗೆಯನ್ನು ನೋಡುತ್ತಿರಿ. ಊತ, ಕೀವು, ದುರ್ವಾಸನೆ ಕಂಡರೆ, ಅಥವಾ ಎರಡನೆಯ ದಿನವೂ ಏನೂ ತಿನ್ನದಿದ್ದರೆ ಮತ್ತೆ ಕರೆತನ್ನಿ. ಬರುವಾಗ ಶಸ್ತ್ರಚಿಕಿತ್ಸೆಯ ದಿನ ಕೊಟ್ಟ ಚೀಟಿಯನ್ನು ಮರೆಯದೆ ತನ್ನಿ.